ಹಳೆ ಇ2ಒ ಕಾರಿಗೆ ದೊಡ್ಡ ಬ್ಯಾಟರಿ ಹಾಕಿಸಬಹುದಾ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಮಹೀಂದ್ರ ಇ2ಒ ಎಲೆಕ್ಟ್ರಿಕ್ ಕಾರು ತಗೊಂಡಿದ್ದೇನೆ, 2014ರ ಮಾಡೆಲ್. ಫುಲ್ ಚಾರ್ಜ್ ಮಾಡಿದರೂ 45 ಕಿ.ಮೀ. ದಾಟುವುದಿಲ್ಲ. ಮನೆ ಉಡುಪಿ, ಕೆಲಸ ಮಂಗಳೂರು. ಹೇಗೂ ಬ್ಯಾಟರಿ ಬದಲಿಸಬೇಕಲ್ಲ, ದೊಡ್ಡದೇ ಹಾಕಿಸಿದರೆ ಹೋಗಿ ಬರಲು ಸಾಕಾಗುತ್ತದಾ?

ಉತ್ತರ: ಹಾಕಿಸಬಹುದು. ಆದರೆ ಹೋಗಿ ಬರಲು ಸಾಕಾಗುವುದಿಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಮೊದಲು, ನಿಮ್ಮ ಬ್ಯಾಟರಿ ಪೂರ್ತಿ ಹೋಗಿದೆಯಾ ಅಂತ ನೋಡಿಸಿ. ಪ್ಯಾಕ್ ಒಳಗೆ ಸೆಲ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಆ ಸಾಲಿನಲ್ಲಿ ಒಂದು ಸೆಲ್ ಸೋತರೂ ಉಳಿದವು ಸುಮ್ನೆ ಕೂರಬೇಕು. ಆ ಒಂದು ಸೆಲ್ ಖಾಲಿಯಾದ ಕೂಡಲೇ ಕಾರು ನಿಲ್ಲುತ್ತದೆ. ಫುಲ್ ಚಾರ್ಜ್ ಆಗಿ ಒಂದಷ್ಟು ಹೊತ್ತು ಬಿಟ್ಟ ಮೇಲೆ ಪ್ರತಿ ಸೆಲ್ ಸುಮಾರು 3.3 ವೋಲ್ಟ್ ತೋರಿಸಬೇಕು. ಲೋಡ್ ಕೊಟ್ಟಾಗ ಎಲ್ಲವೂ 3.1, 3.2ರಲ್ಲಿ ನಿಂತು ಒಂದೆರಡು ಮಾತ್ರ 2.5ಕ್ಕೆ ಕುಸಿದರೆ ರೋಗ ಆ ಒಂದೆರಡರದ್ದು ಮಾತ್ರ. ಈ ಕೆಲಸ ನೀವೇ ಮಾಡಲು ಹೋಗಬೇಡಿ. 48 ವೋಲ್ಟ್ ಶಾಕ್ ಹೊಡೆಯುವುದು ಕಡಿಮೆ ನಿಜ, ಆದರೆ ಕೈತಪ್ಪಿ ಸ್ಪ್ಯಾನರ್ ಎರಡು ಟರ್ಮಿನಲ್ ಮೇಲೆ ಅಡ್ಡ ಬಿದ್ದರೆ ಕಬ್ಬಿಣವೇ ಕರಗುತ್ತದೆ. ಕೆಲಸ ಗೊತ್ತಿರುವವರ ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪ್ ಸುತ್ತಿರುತ್ತದೆ, ಬೆರಳಲ್ಲಿ ಉಂಗುರ ಇರುವುದಿಲ್ಲ. ಗ್ಯಾರೇಜಿಗೆ ಹೋದಾಗ ಇದನ್ನೊಮ್ಮೆ ಗಮನಿಸಿ.

ಎಲ್ಲಾ ಸೆಲ್ ಹೋಗಿವೆ ಅಂತಾದರೆ ದೊಡ್ಡ ಬ್ಯಾಟರಿಯ ವಿಷಯಕ್ಕೆ ಬರೋಣ. ನಿಮ್ಮ ಕಾರಿನದ್ದು 48 ವೋಲ್ಟ್ ಪ್ಯಾಕ್. ಹೊಸದಿದ್ದಾಗ ಸುಮಾರು 10 ಯೂನಿಟ್ ಹಿಡಿಯುತ್ತಿತ್ತು. ಮೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. 2016ರಲ್ಲಿ ಬಂದ ಇ2ಒ ಪ್ಲಸ್‌ನ ದೊಡ್ಡ ಮಾಡೆಲ್‌ಗೆ 72 ವೋಲ್ಟ್ ಇತ್ತು. ಅದನ್ನು ನೋಡಿ "ನಮಗೂ 72 ಮಾಡಿಕೊಡಿ" ಅನ್ನುವವರಿದ್ದಾರೆ. ಬೇಡ. ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್, ಚಾರ್ಜರ್, ಮೋಟಾರ್ ಎಲ್ಲವೂ 48ಕ್ಕೇ ಮಾಡಿದ್ದು. ವೋಲ್ಟ್ ಏರಿಸಿದರೆ ಮೊದಲು ಸುಡುವುದು ಕಂಟ್ರೋಲರ್.

ಏರಿಸಬೇಕಾದದ್ದು ಆಂಪಿಯರ್ ಅವರ್, ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಈಗ ಪ್ಯಾಕ್‌ನಲ್ಲಿ ಸಾಲಾಗಿ ಎಷ್ಟು ಸೆಲ್ ಇವೆಯೋ ಹೊಸದರಲ್ಲೂ ಅಷ್ಟೇ ಇರಬೇಕು, ಒಂದೊಂದು ಸೆಲ್ ಮಾತ್ರ ದೊಡ್ಡದು. ಹತ್ತು ವರ್ಷದಲ್ಲಿ ಸೆಲ್ ತಂತ್ರಜ್ಞಾನ ಬಹಳ ಮುಂದೆ ಹೋಗಿದೆ, ಹಿಂದಿನಷ್ಟೇ ಜಾಗದಲ್ಲಿ ಈಗ ಜಾಸ್ತಿ ಹಿಡಿಯುತ್ತದೆ. 280 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಐದೂವರೆ ಕೆ.ಜಿ. ಆಸುಪಾಸು ತೂಗುತ್ತದೆ. ಅಂಥ 16 ಸೆಲ್ ಸೇರಿಸಿದರೆ 14 ಯೂನಿಟ್ ಮೇಲೆ ಬರುತ್ತದೆ.

ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 280ರ ಸೆಲ್ ಹೆಚ್ಚಾಗಿ ಸೋಲಾರ್ ಸ್ಟೋರೇಜಿಗೆ ಮಾಡಿದ್ದು. ನಿಧಾನಕ್ಕೆ ಕರೆಂಟ್ ಕೊಡುವುದು ಅದರ ಕೆಲಸ. ನಿಮ್ಮ ಮೋಟಾರ್ 19 ಕಿಲೋವ್ಯಾಟಿನದ್ದು, 48 ವೋಲ್ಟಿನಲ್ಲಿ ಪೂರ್ತಿ ಎಳೆದರೆ 400 ಆಂಪಿಯರ್ ಹತ್ತಿರ ಹೋಗುತ್ತದೆ. 140, ಹೆಚ್ಚೆಂದರೆ 280 ಆಂಪಿಯರ್‌ಗೆ ಬರೆದಿರುವ ಸೆಲ್‌ನಿಂದ ಇಷ್ಟು ಕೇಳಿದರೆ ಏನಾಗಬಹುದು? ಹೈವೇಯ ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮಂಗಳೂರಲ್ಲಿ ಹಂಪನಕಟ್ಟೆಯಿಂದ ಲೈಟ್‌ಹೌಸ್ ಹಿಲ್ ಏರುವಾಗ, ಎಸಿ ಹಾಕಿಕೊಂಡು ನಾಲ್ಕು ಜನ ಕೂತಿದ್ದರೆ, ವೋಲ್ಟೇಜ್ ದಡಕ್ಕನೆ ಇಳಿದು ಕಾರು ಏದುಸಿರು ಬಿಡುತ್ತದೆ. ಹಾಗಾಗಿ ಸೆಲ್‌ನ ಡೇಟಾ ಶೀಟ್ ಕೇಳಿ, ನಿರಂತರ ಡಿಸ್ಚಾರ್ಜ್ ಎಷ್ಟು, ಕ್ಷಣಕಾಲ ಎಷ್ಟು ಎರಡನ್ನೂ ನೋಡಿ. "ಅದೆಲ್ಲಾ ಸಮ ಇದೆ ಮಾರಾಯ್ರೆ" ಅಂದರೆ ಬೇರೆ ಅಂಗಡಿ ಹುಡುಕಿ.

ಬಿಎಂಎಸ್ ಇನ್ನೊಂದು ತಲೆನೋವು. ಸೆಲ್‌ಗಳನ್ನು ಕಾಯುವ ಈ ಬೋರ್ಡು ಕಾರಿನ ಕಂಪ್ಯೂಟರ್ ಜೊತೆ ಮಾತಾಡುತ್ತಲೇ ಇರಬೇಕು. ಹೊರಗಿನ ಬಿಎಂಎಸ್ ಹಾಕಿದರೆ ಆ ಮಾತು ನಿಲ್ಲುತ್ತದೆ. ಕಾರು ಚಾಲೂ ಆಗದೆಯೂ ಇರಬಹುದು, ಇಲ್ಲವೇ ಮೀಟರ್ ಸುಳ್ಳು ಹೇಳಬಹುದು. ಹಳೆಯದನ್ನೇ ಉಳಿಸಿಕೊಂಡು ಹೊಸ ಕೆಪಾಸಿಟಿಯನ್ನು ಅದಕ್ಕೆ ತಿಳಿಸುವುದು ಒಳ್ಳೆಯದು. ಅದನ್ನು ಮಾಡಬಲ್ಲವರು ಸಿಕ್ಕಿದರೆ ಮಾತ್ರ ಮುಂದುವರಿಯಿರಿ. ಹಾಗೆಯೇ ನಮ್ಮ ಊರಿನ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಪ್ಯಾಕ್ ಇರುವುದು ನೆಲಕ್ಕೆ ಹತ್ತಿರ, ಕೊಟ್ಟಾರ ಚೌಕಿಯಲ್ಲಿ ನೀರು ನಿಂತ ದಿನ ನೆನಪಿಸಿಕೊಳ್ಳಿ. ಪೆಟ್ಟಿಗೆಯ ಗ್ಯಾಸ್ಕೆಟ್ ಹೊಸದೇ ಹಾಕಿಸಿ.

ಕಾನೂನಿನ ಮಾತು ಎರಡೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರಲ್ಲೂ ಮೊದಲೇ ಬರಹದಲ್ಲಿ ಕೇಳಿ, ಇಲ್ಲದಿದ್ದರೆ ನಾಳೆ ಕ್ಲೇಮ್ ಹೊತ್ತಿಗೆ ರಗಳೆ. 2014ರ ಗಾಡಿಯ ಆರ್‌ಸಿ 15 ವರ್ಷಕ್ಕೆ, ಅಂದರೆ 2029ಕ್ಕೆ ಮುಗಿಯುತ್ತದೆ. ರಿನ್ಯೂ ಮಾಡಿಸಬಹುದು, ಆದರೆ ಗಾಡಿ ತೋರಿಸಬೇಕು.

ಈಗ ನಿಮ್ಮ ದಾರಿ. ಉಡುಪಿಯಿಂದ ಮಂಗಳೂರಿಗೆ 55ರಿಂದ 60 ಕಿ.ಮೀ., ಹೋಗಿ ಬಂದರೆ 115ರ ಸುತ್ತ. ಯೂನಿಟ್ಟಿಗೆ 8 ಕಿ.ಮೀ. ಹಿಡಿದರೆ 14 ಯೂನಿಟ್ಟಿಗೆ 112. ಅದೂ ಬ್ಯಾಟರಿ ಪೂರ್ತಿ ಬರಿದು ಮಾಡಿದರೆ. ಹೈವೇಯಲ್ಲಿ 70ರ ಮೇಲೆ ಓಡಿಸಿದರೆ ಅಷ್ಟೂ ಬರುವುದಿಲ್ಲ. ಅಂದರೆ ದೊಡ್ಡ ಬ್ಯಾಟರಿ ಹಾಕಿದರೂ ಮಂಗಳೂರಲ್ಲಿ ಚಾರ್ಜ್ ಮಾಡಲೇಬೇಕು. ಹೇಗೂ ಚಾರ್ಜ್ ಮಾಡುವುದಾದರೆ, ಮೊದಲಿನ ಅಳತೆಯ 10 ಯೂನಿಟ್ಟಿನ ಹೊಸ ಪ್ಯಾಕ್ ಸಾಕಲ್ವಾ? ಒಂದು ಕಡೆಗೆ ಸಾಕು. ಆಫೀಸಿನ ಪಾರ್ಕಿಂಗ್‌ನಲ್ಲಿ ಒಂದು 15 ಆಂಪಿಯರ್ ಸಾಕೆಟ್ ಇದ್ದರೆ ಸಂಜೆಯೊಳಗೆ ಮತ್ತೆ ಫುಲ್. ನಾನಾದರೆ ಬ್ಯಾಟರಿಯವನಿಗಿಂತ ಮೊದಲು ಆಫೀಸಿನ ಮ್ಯಾನೇಜರ್ ಹತ್ತಿರ ಮಾತಾಡುತ್ತೇನೆ.

ಟಾಟಾದ ನೆಕ್ಸಾನ್ ಇವಿ ಇರುವವರೂ ಇದನ್ನೇ ಕೇಳುತ್ತಾರೆ, 30.2 ಯೂನಿಟ್ಟಿನ ಪ್ಯಾಕ್ ತೆಗೆದು ನೆಕ್ಸಾನ್ ಇವಿ ಮ್ಯಾಕ್ಸ್‌ನ 40.5 ಯೂನಿಟ್ಟಿನದ್ದು ಕೂರಿಸಬಹುದಾ ಅಂತ. ಅದು 300 ವೋಲ್ಟ್ ಮೇಲಿನ ವ್ಯವಹಾರ, ತಪ್ಪಿದರೆ ಜೀವಕ್ಕೇ ಅಪಾಯ. ಬ್ಯಾಟರಿಗೆ 8 ವರ್ಷದ ವಾರಂಟಿ ಬೇರೆ ಇದೆ, ಹೊರಗಿನವರು ಮುಟ್ಟಿದರೆ ಅದೂ ಹೋಯಿತು. ವಿದೇಶದಲ್ಲಿ ನಿಸಾನ್ ಲೀಫ್‌ನ 24 ಯೂನಿಟ್ ಪ್ಯಾಕ್ ತೆಗೆದು 40ರದ್ದು ಹಾಕುತ್ತಾರೆ, ನಿಜ. ಅಲ್ಲಿ ಬ್ಯಾಟರಿಗೂ ಕಾರಿಗೂ ನಡುವೆ ದುಭಾಷಿಯಂತೆ ಕೂರುವ ಚಿಕ್ಕ ಬೋರ್ಡು ರೆಡಿ ಸಿಗುತ್ತದೆ.

ಇ2ಒದಿಂದ ಬಿಚ್ಚಿದ ಹಳೆ ಸೆಲ್‌ಗಳನ್ನು ಗುಜರಿಗೆ ಹಾಕಬೇಡಿ. ಕಾರಿಗೆ ಸಾಲದ ಸೆಲ್ ಮನೆಯ ಇನ್ವರ್ಟರಿಗೆ ಸಾಕಾಗಬಹುದು. ಉಬ್ಬಿರುವವನ್ನು ಬೇರೆ ಮಾಡಿ ರಿಸೈಕಲ್‌ಗೆ ಕೊಡಿ, ಉಳಿದವನ್ನು ಟೆಸ್ಟ್ ಮಾಡಿಸಿ, ಸರಿಯಾದ ಬಿಎಂಎಸ್ ಹಾಕಿಸಿಯೇ ಬಳಸಿ.