ತಾರೆಯರ ದಾನ: ಮನಸ್ಸನ್ನು ಬಿಡಿ, ದುಡ್ಡನ್ನು ನೋಡಿ

ತಾರೆಯರ ದಾನವನ್ನು ಹೇಗೆ ಅಳೆಯಬೇಕು ಅನ್ನುವ ಪ್ರಶ್ನೆಗೆ ಉತ್ತರ ಬರೆಯುವಾಗ ಹೆಚ್ಚಿನವರು ಒಂದೇ ಪ್ರಶ್ನೆಗೆ ಜೋತುಬೀಳುತ್ತಾರೆ. ಆ ತಾರೆ ಮನಸಾರೆ ಕೊಟ್ಟರಾ, ಪ್ರಚಾರಕ್ಕಾ? ಇನ್ನೊಬ್ಬರ ಮನಸ್ಸಿನೊಳಗೆ ಇಣುಕಿ ನೋಡಲು ಆಗೋದಿಲ್ಲ, ಅಲ್ವಾ? ಸುಮ್ನೆ ದುಡ್ಡಿನ ಹಿಂದೆ ಹೋಗಿ.

1971ರ ಆಗಸ್ಟ್ 1ರಂದು ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ ಮತ್ತು ಸಿತಾರ್ ವಾದಕ ರವಿಶಂಕರ್ ನ್ಯೂಯಾರ್ಕ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಒಂದೇ ದಿನ ಎರಡು ಷೋ ಮಾಡಿದರು. ರವಿಶಂಕರ್ ಬಂಗಾಳಿ ಕುಟುಂಬದವರು, ಅವರ ನೋವು ತೋರಿಕೆಯದಲ್ಲ. ಟಿಕೆಟ್ ಮಾರಿ ಬಂದ ಸುಮಾರು 2.43 ಲಕ್ಷ ಡಾಲರ್ ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್‌ಗೆ ಹೋಯಿತು. ಆದರೆ ಆಮೇಲೆ ರೆಕಾರ್ಡ್ ಮತ್ತು ಸಿನಿಮಾದಿಂದ ಬಂದ ದುಡ್ಡು, ಅದೇ ಜಾಸ್ತಿ, ಇದು ದತ್ತಿ ಕಾರ್ಯಕ್ರಮ ಅಂತ ಮೊದಲೇ ನೋಂದಣಿ ಮಾಡಿಸಿರಲಿಲ್ಲ ಅನ್ನುವ ಕಾರಣಕ್ಕೆ ಅಮೆರಿಕದ ತೆರಿಗೆ ಇಲಾಖೆಯ ಕೈಯಲ್ಲಿ ಸಿಕ್ಕಿ ವರ್ಷಗಟ್ಟಲೆ ಕೂತಿತು. ಒಳ್ಳೆಯ ಮನಸ್ಸಿತ್ತು. ಕಾಗದಪತ್ರ ಇರಲಿಲ್ಲ.

ಇಥಿಯೋಪಿಯಾದ ಬರಗಾಲಕ್ಕೆ ದುಡ್ಡು ಕೂಡಿಸಲು ನಡೆದ 1985ರ ಸಂಗೀತ ಕಾರ್ಯಕ್ರಮ ಲೈವ್ ಏಡ್‌ನದ್ದು ಬೇರೆ ತೊಡಕು. ಆ ಬರಗಾಲಕ್ಕೆ ಮಳೆ ಕೈಕೊಟ್ಟಿದ್ದು ಒಂದು ಕಾರಣ, ಯುದ್ಧ ಮತ್ತು ಸರ್ಕಾರದ ನೀತಿ ಇನ್ನೊಂದು. ವೇದಿಕೆಯ ಮೇಲೆ ಹಸಿದ ಮಕ್ಕಳ ಚಿತ್ರ ಕಂಡಿತು, ಆ ಸರ್ಕಾರ ಕಾಣಲಿಲ್ಲ. ಜನರನ್ನು ಬಲವಂತವಾಗಿ ಸ್ಥಳಾಂತರಿಸುತ್ತಿದ್ದಾರೆ ಎಂದು ಬಾಯಿಬಿಟ್ಟು ಹೇಳಿದ ಫ್ರಾನ್ಸಿನ ವೈದ್ಯರ ಸಂಸ್ಥೆ ಎಂಎಸ್‌ಎಫ್ ಅನ್ನು ಅದೇ ವರ್ಷ ದೇಶದಿಂದ ಹೊರಹಾಕಿದರು. ಆ ಮಾತಿಗೆ ಬೆಲೆ ತೆರಬೇಕಾಯಿತು, ಗಮನಿಸಿ.

ತಾರೆಯರು ಏನನ್ನೂ ಕೊಡದೆ ಬರೀ ಮಾತಾಡಿದರೆ ಹಿಂಬಾಲಿಸಲು ದುಡ್ಡೇ ಇರುವುದಿಲ್ಲ. ಇಲ್ಲಿ ತತ್ವಶಾಸ್ತ್ರಜ್ಞರಾದ ಜಸ್ಟಿನ್ ಟೋಸಿ ಮತ್ತು ಬ್ರ್ಯಾಂಡನ್ ವಾರ್ಮ್ಕೆ 2016ರಲ್ಲಿ ಬರೆದ ಪ್ರಬಂಧ ನೆರವಿಗೆ ಬರುತ್ತದೆ. ‘ನಾನೆಷ್ಟು ಒಳ್ಳೆಯವನು ನೋಡಿ’ ಅಂತ ತೋರಿಸಲು ನೀತಿಯ ಮಾತಾಡುವುದನ್ನು ಅವರು ಮಾರಲ್ ಗ್ರ್ಯಾಂಡ್‌ಸ್ಟ್ಯಾಂಡಿಂಗ್ ಅನ್ನುತ್ತಾರೆ. ಒಬ್ಬರು ‘ಇದು ತಪ್ಪು’ ಅಂದರೆ ಮುಂದಿನವರು ‘ಘೋರ ತಪ್ಪು’ ಅನ್ನುತ್ತಾರೆ, ಮೂರನೆಯವರು ಕ್ಷಮೆಯೇ ಇಲ್ಲ ಅನ್ನುತ್ತಾರೆ, ಅಷ್ಟರಲ್ಲಿ ಮೂಲ ವಿಷಯ ಯಾರಿಗೂ ನೆನಪಿರುವುದಿಲ್ಲ. ಹಾಗಂತ ಕಂಡವರಿಗೆಲ್ಲ ಈ ಹಣೆಪಟ್ಟಿ ಹಚ್ಚಬೇಡಿ, ಅದೂ ಒಂದು ಪೋಸೇ.

ಪ್ರಚಾರ ಅಂದರೆ ಕೆಟ್ಟದ್ದು ಅಂತಲೂ ಬರೆಯಬೇಡಿ. 2014ರ ಐಸ್ ಬಕೆಟ್ ಚಾಲೆಂಜ್, ಅಂದರೆ ತಲೆಗೆ ಐಸ್ ನೀರು ಸುರಿದುಕೊಂಡು ವಿಡಿಯೊ ಹಾಕುವುದು, ಪೂರ್ತಿ ತೋರಿಕೆಯ ಆಟ. ಆದರೂ ನರರೋಗವೊಂದರ ವಿರುದ್ಧ ಕೆಲಸ ಮಾಡುವ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್‌ಗೆ ಸುಮಾರು 11.5 ಕೋಟಿ ಡಾಲರ್ ಬಂತು. ಇನ್ನೊಂದು ತುದಿಯಲ್ಲಿ ಅಮೆರಿಕದ ಉದ್ಯಮಿ ಚಕ್ ಫೀನಿ. 1982ರಲ್ಲಿ ದತ್ತಿ ಸಂಸ್ಥೆ ಕಟ್ಟಿ, 1997ರವರೆಗೆ ಹೆಸರು ಮುಚ್ಚಿಟ್ಟು ಕೊಟ್ಟರು. ಜೀವಮಾನದಲ್ಲಿ ಕೊಟ್ಟದ್ದು ಒಟ್ಟು 800 ಕೋಟಿ ಡಾಲರಿಗೂ ಜಾಸ್ತಿ. ನನಗೆ ಅವರ ಮೇಲೆ ಗೌರವವಿದೆ. ಆದರೆ ದೊಡ್ಡ ದುಡ್ಡು ಗುಟ್ಟಾಗಿ ಓಡಾಡುವಾಗ ಅದು ಯಾರಿಗೆ, ಯಾಕೆ ಹೋಗುತ್ತಿದೆ ಅಂತ ಹೊರಗಿನವರು ಕೇಳುವುದು ಹೇಗೆ? ಈ ಪ್ರಶ್ನೆಯನ್ನೂ ಉತ್ತರದಲ್ಲಿ ಸೇರಿಸಿ.