ಗ್ರೀಕ್ ನಿಂಫ್‌ಗಳಿಗೆ ಸಾವು ಇದೆಯಾ?

ಪ್ರಶ್ನೆ: ಗ್ರೀಕ್ ಕಥೆಗಳ ನಿಂಫ್‌ಗಳು ದೇವತೆಗಳು ಅಂತಾರೆ. ಹಾಗಿದ್ದರೆ ಹಾಡುಗಾರ ಆರ್ಫಿಯಸ್‌ನ ಹೆಂಡತಿ ಯೂರಿಡಿಸಿ, ಅವಳೂ ನಿಂಫ್ ಅಲ್ವಾ, ಹಾವು ಕಚ್ಚಿ ಸತ್ತಿದ್ದು ಹೇಗೆ?

ನಿಂಫ್‌ಗಳಲ್ಲಿ ಬಹಳಷ್ಟು ಜನಕ್ಕೆ ಸಾವು ಇತ್ತು, ಅದಕ್ಕೇ. ಜ್ಯೂಸ್, ಅಥೀನಾರಂಥ ದೊಡ್ಡ ದೇವರಿಗೆಲ್ಲ ಸಾವೇ ಇಲ್ಲ. ಕಾಡು, ಬೆಟ್ಟ, ಬುಗ್ಗೆಗಳ ಈ ಹೆಣ್ಣು ದೇವತೆಗಳು ಮಾತ್ರ ಮನುಷ್ಯರಿಗೂ ದೇವರಿಗೂ ನಡುವೆ ಎಲ್ಲೋ ಇರುವವರು.

ಇದನ್ನು ತುಂಬ ಚೆನ್ನಾಗಿ ಹೇಳಿರುವುದು ಪ್ರೇಮದ ದೇವಿ ಅಫ್ರೋಡೈಟಿಯನ್ನು ಕುರಿತ ಹಳೆಯ ಹೋಮರಿಕ್ ಸ್ತೋತ್ರ, ಅಂದರೆ ಕವಿ ಹೋಮರ್‌ನ ಹೆಸರಲ್ಲಿ ಉಳಿದಿರುವ ಸ್ತೋತ್ರ. ತನ್ನ ಮಗು ಈನಿಯಸ್‌ನನ್ನು ಈಡಾ ಬೆಟ್ಟದ ನಿಂಫ್‌ಗಳು ಸಾಕುತ್ತಾರೆ ಅಂತ ಅಫ್ರೋಡೈಟಿ ಅದರಲ್ಲಿ ಹೇಳುತ್ತಾಳೆ. ಅವರು ತಿನ್ನುವುದು ದೇವರ ಊಟವನ್ನೇ, ಬದುಕುವುದೂ ಬಹಳ ಕಾಲ. ಆದರೆ ಒಬ್ಬೊಬ್ಬಳು ಹುಟ್ಟುವಾಗಲೂ ಜೊತೆಗೊಂದು ಪೈನ್ ಅಥವಾ ಓಕ್ ಮರ ನೆಲದಿಂದ ಏಳುತ್ತದೆ. ಆ ಮರಕ್ಕೆ ಯಾರೂ ಕೊಡಲಿ ತಾಗಿಸುವುದಿಲ್ಲ. ಸಾವು ಹತ್ತಿರ ಬಂದಾಗ ಮೊದಲು ಮರ ನಿಂತಲ್ಲೇ ಒಣಗುತ್ತದೆ, ತೊಗಟೆ ಸುಕ್ಕಾಗುತ್ತದೆ, ರೆಂಬೆಗಳು ಉದುರುತ್ತವೆ, ಆಮೇಲೆ ಮರದ ಜೀವ, ಅವಳ ಜೀವ ಎರಡೂ ಒಟ್ಟಿಗೇ ಹೋಗುತ್ತವೆ. ಗ್ರೀಕ್ ಪುರಾಣದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಸಾಲುಗಳು ಕಡಿಮೆ.

ಎಷ್ಟು ಕಾಲ ಬದುಕುತ್ತಾರೆ? ಹಳೆಯ ಗ್ರೀಕ್ ಕವಿ ಹೆಸಿಯಡ್ ಹೇಳಿದ್ದು ಅಂತ ಗ್ರೀಕ್ ಲೇಖಕ ಪ್ಲುಟಾರ್ಕ್ ಒಂದು ಲೆಕ್ಕ ಕೊಡುತ್ತಾನೆ. ಮನುಷ್ಯರ 9 ತಲೆಮಾರಿನಷ್ಟು ಕಾಗೆಯ ಆಯಸ್ಸು, ಅದರ 4 ಪಟ್ಟು ಜಿಂಕೆಗೆ, ಜಿಂಕೆಯ 3 ಪಟ್ಟು ರೇವನ್ ಎಂಬ ದೊಡ್ಡ ಕಾಗೆಗೆ, ಅದರ 9 ಪಟ್ಟು ಕಥೆಗಳ ಹಕ್ಕಿ ಫೀನಿಕ್ಸ್‌ಗೆ, ಫೀನಿಕ್ಸ್‌ನ 10 ಪಟ್ಟು ನಿಂಫ್‌ಗಳಿಗೆ. ಗುಣಿಸಿದರೆ 9,720 ತಲೆಮಾರು! ಆದರೂ ಅದಕ್ಕೊಂದು ಕೊನೆ ಇದೆ ಅಲ್ವಾ?

ಅಷ್ಟು ಆಯಸ್ಸಿದ್ದರೂ ಅದು ನಡುವೆಯೇ ತುಂಡಾಗಬಹುದು. ಯೂರಿಡಿಸಿಗೆ ಆಗಿದ್ದು ಅದೇ. ರೋಮನ್ ಕವಿ ಓವಿಡ್ ಹೇಳುವ ಇನ್ನೊಂದು ಕಥೆಯಲ್ಲಿ ಎರಿಸಿಕ್ಥಾನ್ ಎಂಬವನು ದೇವಿಯ ವನದ ಓಕ್ ಮರಕ್ಕೆ ಕೊಡಲಿ ಹಾಕುತ್ತಾನೆ, ತೊಗಟೆಯಿಂದ ರಕ್ತ ಸುರಿಯುತ್ತದೆ, ನಿನಗೆ ಶಿಕ್ಷೆ ತಪ್ಪಿದ್ದಲ್ಲ ಅಂತ ಒಳಗಿನ ನಿಂಫ್ ಸಾಯುತ್ತಲೇ ಹೇಳುತ್ತಾಳೆ. ಅವನಿಗೆ ತೀರದ ಹಸಿವು ಹತ್ತಿ ಕೊನೆಗೆ ತನ್ನ ಮೈಯನ್ನೇ ತಿನ್ನುತ್ತಾನೆ.

ಎಲ್ಲರೂ ಹೀಗಲ್ಲ. ಟ್ರಾಯ್ ಯುದ್ಧದ ವೀರ ಅಕಿಲೀಸ್‌ನ ತಾಯಿ ಥೆಟಿಸ್ ಸಮುದ್ರದ ನಿಂಫ್, ಅವಳಿಗೆ ಸಾವಿಲ್ಲ. ಸಾಯಲಿರುವ ಮಗನಿಗಾಗಿ ಅಳುವುದೇ ಅವಳ ಪಾಡು.

ಸಾಯುವವರನ್ನು ಪೂಜಿಸುತ್ತಿದ್ದರಾ ಅಂತ ಕೇಳಿದರೆ, ಖಂಡಿತ ಪೂಜಿಸುತ್ತಿದ್ದರು. ಗ್ರೀಸ್‌ನ ಕೊರಿಂತ್ ಹತ್ತಿರದ ಪಿಟ್ಸಾ ಎಂಬಲ್ಲಿ ಒಂದು ಗುಹೆಯೊಳಗೆ 1934ರಲ್ಲಿ ಬಣ್ಣ ಬಳಿದ ಮರದ ಹಲಗೆಗಳು ಸಿಕ್ಕವು. ಸುಮಾರು 2,500 ವರ್ಷ ಹಳೆಯವು. ಒಂದರಲ್ಲಿ ಜನ ಸಾಲಾಗಿ ಬಲಿಪೀಠದ ಕಡೆಗೆ ನಡೆಯುತ್ತಿದ್ದಾರೆ, ಜೊತೆಗೆ ಕೊಳಲು, ಲೈರ್ ವಾದ್ಯ, ಬಲಿಗೆ ಒಂದು ಕುರಿ. ಹರಕೆ ನಿಂಫ್‌ಗಳಿಗೆ ಅಂತ ಹಲಗೆಯ ಮೇಲೇ ಬರೆದಿದೆ.