ಹಳೆಯ ವಿಡಿಯೊ ಕ್ಯಾಸೆಟ್: ಓಡಿಸುವ ಮುನ್ನ ಒಳಗೆ ನೋಡಿ

ಮದುವೆ, ಉಪನಯನ, ನಾಮಕರಣಗಳ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಡಿವಿಡಿಗೆ ಹಾಕಿಸಿಕೊಳ್ಳಲು ನಮ್ಮ ಸ್ಟುಡಿಯೊಗೆ ಬರುವವರಲ್ಲಿ ಹಲವರು ಒಂದೇ ಮಾತಿನಿಂದ ಆರಂಭಿಸುತ್ತಾರೆ: "ಮನೆಯ ಹಳೇ ವಿಸಿಆರ್‌ನಲ್ಲಿ ಹಾಕಿ ನೋಡಿದೆವು ಸರ್, ಚಿತ್ರ ಸರಿಯಾಗಿ ಬರಲಿಲ್ಲ." ಈ ಮಾತು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಮಲೆನಾಡಿನ ಮನೆಯ ಅಟ್ಟದಲ್ಲಿ ಮೂವತ್ತು ಮಳೆಗಾಲ ಕಳೆದ ಟೇಪು ಒಂದೇ ಒಂದು ಬಾರಿ ಚೆನ್ನಾಗಿ ಓಡಬಹುದು, ಎರಡನೆಯ ಬಾರಿಗೆ ಹರಿಯಬಹುದು. ಆ ಒಂದು ಓಟವನ್ನು ಪರೀಕ್ಷೆಗೆಂದು ಕಳೆದುಕೊಳ್ಳಬಾರದು.

ಮೊದಲು ಕ್ಯಾಸೆಟ್ಟಿನ ಕಿಟಕಿಯ ಮೂಲಕ ಟಾರ್ಚ್ ಬೆಳಕು ಬಿಟ್ಟು ನೋಡಿ. ಸುತ್ತಿದ ಟೇಪಿನ ಅಂಚು ಕನ್ನಡಿಯಂತೆ ಕಪ್ಪಾಗಿ ಹೊಳೆಯಬೇಕು. ಅಲ್ಲಿ ಬಿಳಿಯ ಪುಡಿಯೋ ಜೇಡನ ಎಳೆಯಂಥದ್ದೋ ಕಂಡರೆ ಅದು ಬೂಷ್ಟು. ಅಂಥ ಕ್ಯಾಸೆಟ್ಟನ್ನು ಯಾವ ಯಂತ್ರಕ್ಕೂ ಹಾಕಬೇಡಿ. ಬೂಷ್ಟಿನ ಪುಡಿ ವಿಸಿಆರ್‌ನ ಹೆಡ್ಡಿಗೆ, ಅಂದರೆ ಟೇಪಿನಿಂದ ಚಿತ್ರ ಓದುವ ಭಾಗಕ್ಕೆ, ಮೆತ್ತಿಕೊಂಡು, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಕಳೆದ ಮಳೆಗಾಲದಲ್ಲಿ ಹಿರಿಯರೊಬ್ಬರು ತಂದ ಸೀಮಂತದ ಕ್ಯಾಸೆಟ್ಟಿನಲ್ಲಿ ಎರಡೂ ಸುರುಳಿಗಳು ಹತ್ತಿಯಂತೆ ಬೆಳ್ಳಗಾಗಿದ್ದವು. ಹಿಂಬದಿಯ ಐದು ತಿರುಪುಗಳನ್ನು ಬಿಚ್ಚಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ನೂಲು ಬಿಡದ ಬಟ್ಟೆಯ ನಡುವೆ ಇಡೀ ಟೇಪನ್ನು ನಿಧಾನವಾಗಿ ಸುತ್ತಿಸಿ, ಹೊಸ ಚಿಪ್ಪಿಗೆ ಕೂರಿಸುವಷ್ಟರಲ್ಲಿ ಒಂದು ಇಡೀ ದಿನ ಹಿಡಿಯಿತು. ಅದು ಬದುಕಿತು. ಅದಕ್ಕೂ ಮುನ್ನ ಯಾರೂ ಅದನ್ನು ಓಡಿಸಿ ನೋಡಿರಲಿಲ್ಲ ಎಂಬುದೇ ಅದಕ್ಕೆ ಕಾರಣವೆಂದು ನಾನು ನಂಬುತ್ತೇನೆ.

ಬೂಷ್ಟಿಲ್ಲದಿದ್ದರೆ, ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಣುಕನ್ನು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಚಿತ್ರ ಅಳಿಯುವುದಿಲ್ಲ. ಇನ್ನು ವಿಸಿಆರ್‌ನ ವಿಚಾರ. 2016ರಲ್ಲಿ ಜಪಾನಿನ ಫುನಾಯ್ ಕಂಪನಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಸಿಗದಂತಾಗಿದೆ. ಇರುವುದನ್ನೇ ಜೋಪಾನ ಮಾಡಬೇಕು. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನ ಯಂತ್ರದಲ್ಲಿ ಹೆಡ್ಡನ್ನು ಹೊತ್ತ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಮೇಲಿನ ಒಂದು ಕಣ ಧೂಳೂ ಚಿತ್ರದಲ್ಲಿ ಹಿಮದಂತೆ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಮೃದು ಚರ್ಮದಿಂದ, ಡ್ರಮ್ ತಿರುಗುವ ದಿಕ್ಕಿನಲ್ಲೇ ಒರೆಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡೇ ಮುರಿಯುತ್ತದೆ, ಹತ್ತಿ ಬಳಸಿದರೆ ಅದರ ಎಳೆ ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದ ಕಳುಹಿಸಿದ ಹಳೆಯ ಕ್ಯಾಸೆಟ್‌ಗಳು ಎನ್‌ಟಿಎಸ್‌ಸಿ ಎಂಬ ಅಲ್ಲಿನ ಟಿವಿ ಪದ್ಧತಿಯವಾಗಿರುತ್ತವೆ; ಅವು ಓಡದಿದ್ದರೆ ಟೇಪು ಹಾಳಾಗಿದೆ ಎಂದು ತಿಳಿಯದೆ, ಎರಡೂ ಪದ್ಧತಿ ಓದುವ ಯಂತ್ರವನ್ನು ಹುಡುಕಬೇಕು.

ಕಂಪ್ಯೂಟರಿಗೆ ಚಿತ್ರ ತುಂಬಿಸುವಾಗ ಎದುರಾಗುವ ದೊಡ್ಡ ತೊಡಕು ಟೇಪಿನ ಸಂಕೇತದ ಅಸ್ಥಿರತೆ. ಸಡಿಲಗೊಂಡ ಟೇಪಿನಿಂದ ಚಿತ್ರದ ಗೆರೆಗಳು ಸರಿಯಾದ ಸಮಯಕ್ಕೆ ಹೊರಬರುವುದಿಲ್ಲ. ಹಳೆಯ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು, ಆದರೆ ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಸಾಧನ ಸಹಿಸದೆ ಫ್ರೇಮುಗಳನ್ನು ಬಿಟ್ಟುಬಿಡುತ್ತದೆ. ಮೊದಲ ಹತ್ತು ನಿಮಿಷ ಸರಿಯಾಗಿದ್ದ ಮಾತು, ಧಾರೆಯ ಹೊತ್ತಿಗೆ ತುಟಿಯಿಂದ ಜಾರಿರುವುದು ಹೀಗೆಯೇ. ಗೆರೆಗಳನ್ನು ಸಾಲಿಗೆ ತರುವ ಟೈಮ್ ಬೇಸ್ ಕರೆಕ್ಟರ್ ಇದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ ಎಂಬುದು ನನ್ನ ಸಲಹೆ. ದುಬಾರಿ ಎಡಿಟಿಂಗ್ ಸಾಫ್ಟ್‌ವೇರ್ ಆಮೇಲಿನ ಮಾತು.

ಧ್ವನಿಯನ್ನು ನಾವು ಅಸಡ್ಡೆ ಮಾಡುತ್ತೇವೆ ಎಂಬ ಬೇಸರ ನನಗೆ ಬಹಳ ಕಾಲದಿಂದ ಇದೆ. ಆ ಕಾಲದ ಮದುವೆ ವಿಡಿಯೊಗಳ ಮೇಲೆ ಸಿನಿಮಾ ಹಾಡು ಹಾಕುವುದು ರೂಢಿಯಾಗಿತ್ತು, ಹಾಡಿನಡಿ ಮನೆಯವರ ಮಾತು ಮುಚ್ಚಿಹೋಗಿದೆ. ಆದರೆ ಹೈ-ಫೈ ಯಂತ್ರದಲ್ಲಿ ಮುದ್ರಿಸಿದ ಕ್ಯಾಸೆಟ್ಟಿಗೆ ಆಮೇಲೆ ಆಡಿಯೊ ಡಬ್ ಮಾಡಿದ್ದರೆ ಹಾಡು ಟೇಪಿನ ಅಂಚಿನ ಸಾಮಾನ್ಯ ಟ್ರ್ಯಾಕಿಗೆ ಮಾತ್ರ ಸೇರಿರುತ್ತದೆ. ಚಿತ್ರದ ಅಡಿಯಲ್ಲಿರುವ ಹೈ-ಫೈ ಟ್ರ್ಯಾಕಿನಲ್ಲಿ ಮೂಲ ಧ್ವನಿ ಹಾಗೆಯೇ ಉಳಿದಿರುತ್ತದೆ. ಇಂಥ ಕ್ಯಾಸೆಟ್ ಸಿಗುವುದು ಅಪರೂಪ. ಒಮ್ಮೆ ಯಂತ್ರದ ಧ್ವನಿ ಸ್ವಿಚ್ಚನ್ನು ಹೈ-ಫೈಗೆ ಬದಲಿಸಿದ ಕೂಡಲೇ ಹಾಡು ನಿಂತು, ನಾಗಸ್ವರದ ಹಿಂದಿನಿಂದ "ಅಕ್ಷತೆ ಎಲ್ಲರಿಗೂ ಬಂತಾ?" ಎಂಬ ಹೆಂಗಸೊಬ್ಬರ ದನಿ ಕೇಳಿತು. ಪಕ್ಕದಲ್ಲಿ ಕುಳಿತಿದ್ದ ಗಿರಾಕಿ, ಅದು ತಮ್ಮ ತೀರಿಕೊಂಡ ಸೋದರತ್ತೆಯ ದನಿ ಎಂದರು. ಅಂದಿನಿಂದ ಪ್ರತಿ ಕ್ಯಾಸೆಟ್ಟಿನಲ್ಲೂ ಎರಡೂ ಟ್ರ್ಯಾಕ್‌ಗಳನ್ನು ಕೇಳಿ ನೋಡದೆ ನಾನು ಮುಂದುವರಿಯುವುದಿಲ್ಲ.

ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಜಾಗವಿರುತ್ತದೆ. ಮೂರು ಗಂಟೆಯ ಕ್ಯಾಸೆಟ್ಟನ್ನು ಒಂದೇ ತಟ್ಟೆಗೆ ತುರುಕಿದರೆ ಆರತಿಯ ಜ್ವಾಲೆ, ಜರಿಯ ಸೀರೆ ಇದ್ದಲ್ಲೆಲ್ಲ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಒಂದು ತಟ್ಟೆಗೆ ಒಂದೂವರೆ ಗಂಟೆ ಸಾಕು. ಪಾಲ್ ವಿಡಿಯೊ ಸೆಕೆಂಡಿಗೆ 50 ಅರ್ಧಚಿತ್ರಗಳಾಗಿ ಬರುತ್ತದೆ, ಡಿವಿಡಿಯೂ ಅವನ್ನು ಹಾಗೆಯೇ ಸ್ವೀಕರಿಸುತ್ತದೆ. ಆದ್ದರಿಂದ ಡಿವಿಡಿಗೆಂದು ಅವನ್ನು ಪೂರ್ಣ ಚಿತ್ರಗಳಾಗಿ ಮಾಡುವ ಡಿಇಂಟರ್‌ಲೇಸ್ ಮಾಡಬೇಡಿ, ಮೊಬೈಲಿನಲ್ಲಿ ನೋಡುವ ಪ್ರತಿಗೆ ಮಾತ್ರ ಮಾಡಿ.

ಬರೆಯುವ ಡಿವಿಡಿಯ ಒಳಗಿನ ಬಣ್ಣದ ಪದರ ಬಿಸಿಲು, ಸೆಖೆಗೆ ಮಾಸುತ್ತದೆ. ಅದಕ್ಕಾಗಿ ಕಂಪ್ಯೂಟರಿಗೆ ಇಳಿಸಿದ ಮೂಲ ಫೈಲನ್ನು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ, ಸಾಧ್ಯವಾದರೆ ಎರಡು ಮನೆಗಳಲ್ಲಿ ಇಡಲು ಹೇಳುತ್ತೇನೆ. ಕ್ಯಾಸೆಟ್ಟನ್ನು ಗುಜರಿಗೆ ಹಾಕಬೇಡಿ. ಟೇಪನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪೆಟ್ಟಿಗೆಯಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಅಟ್ಟಕ್ಕೆ ಬದಲು ಗಾಳಿಯಾಡುವ ಕೋಣೆಯ ಬೀರುವಿನಲ್ಲಿಡಿ. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಟಾರ್ಚ್ ಹಿಡಿದು ಕಿಟಕಿಯೊಳಗೆ ನೋಡಿ.